ಬಚ್ಚಲೊಲೆಯ ಹೊಗೆ ಎತ್ತ ಹೋಗುತ್ತಿದೆ?

ಸಕಲೇಶಪುರ, ಮೂಡಿಗೆರೆ, ಬಾಳೆಹೊನ್ನೂರು ಕಡೆಯ ಹಳೇ ಮನೆಗಳಲ್ಲಿ ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಪ್ರತಿ ವರ್ಷ ಒಂದೇ ಮಾತು ಕೇಳಿಬರುತ್ತದೆ: "ಬಚ್ಚಲೊಲೆ ಹಚ್ಚಿದ್ರೆ ಹೊಗೆಯೆಲ್ಲ ಒಳಗೇ ತುಂಬ್ತದೆ." ಸೌದೆ ಹಸಿಯಿದೆ ಎನ್ನುತ್ತಾರೆ, ಗಾಳಿ ತಿರುಗಿದೆ ಎನ್ನುತ್ತಾರೆ. ಎರಡು ದಿನ ಊದುಕೊಳವೆ ಹಿಡಿದು ಊದುತ್ತಾರೆ, ಒಲೆ ಹೇಗೋ ಹತ್ತಿಕೊಳ್ಳುತ್ತದೆ, ಮಾತು ಅಲ್ಲಿಗೆ ಮರೆತುಹೋಗುತ್ತದೆ. ಆದರೆ ಒಳಗೆ ಬಂದ ಹೊಗೆಗೆ ಒಂದು ಕಾರಣ ಇದ್ದೇ ಇರುತ್ತದೆ, ಒಲೆ ಹತ್ತಿಕೊಂಡ ಮಾತ್ರಕ್ಕೆ ಆ ಕಾರಣ ಮನೆ ಬಿಟ್ಟು ಹೋಗಿರುವುದಿಲ್ಲ. ಕಣ್ಣುರಿಸುವ ಹೊಗೆ ನಿಂತ ಮೇಲೂ ಕಣ್ಣಿಗೆ ಕಾಣದ ಅನಿಲ ಬರುತ್ತಿರಬಹುದು. ಅಟ್ಟದೊಳಗೆ ಪೈಪಿನ ಬಿರುಕಿನಿಂದ ಬಿಸಿ ಹೊಗೆ ಪಕಾಸಿಗೆ, ಅಂದರೆ ಮಾಡು ಹೊತ್ತ ಮರದ ತೊಲೆಗೆ, ಬಡಿಯುತ್ತಿರಬಹುದು. ಹಂಚಿನ ಮನೆಗಳನ್ನು ರಿಪೇರಿ ಮಾಡಿಸುವವರು ನೆಲಕ್ಕೆ ಟೈಲ್ಸ್, ಗೋಡೆಗೆ ಪೇಂಟು, ಮಾಡಿಗೆ ಹೊಸ ರೀಪು ಎಂದು ಲಕ್ಷಗಟ್ಟಲೆ ಖರ್ಚು ಮಾಡುತ್ತಾರೆ. ಹೊಗೆ ಹೋಗುವ ದಾರಿಯನ್ನು ಮಾತ್ರ ಯಾರೂ ತೆಗೆದು ನೋಡುವುದಿಲ್ಲ.

ಮೊದಲು ಹೀಗಿರಲಿಲ್ಲ. ಒಲೆ ವರ್ಷವಿಡೀ ಉರಿಯುತ್ತಿತ್ತು. ಪೈಪು ಕಟ್ಟಿಕೊಂಡರೆ ಮರುದಿನವೇ ಗೊತ್ತಾಗುತ್ತಿತ್ತು. ಈಗ ಮಾಡಿನ ಮೇಲೆ ಸೋಲಾರ್ ಬಂದಿದೆ. ದೀಪಾವಳಿಯಿಂದ ಮೇ ತಿಂಗಳ ಕೊನೆಯವರೆಗೆ ಬಿಸಿಲೇ ನೀರು ಕಾಯಿಸುತ್ತದೆ, ಬಚ್ಚಲೊಲೆಯ ಮುಂದೆ ಬಕೆಟ್ಟು, ಸೋಪಿನ ಡಬ್ಬ, ಹಳೇ ಚಪ್ಪಲಿ ಬಂದು ಕೂರುತ್ತವೆ. ಮೋಡ ಕವಿದು ಸೋಲಾರ್ ನೀರು ತಣ್ಣಗಾದ ದಿನ ಅವನ್ನೆಲ್ಲ ಸರಿಸಿ ಬೆಂಕಿ ಹಚ್ಚುತ್ತಾರೆ. ಏಳೆಂಟು ತಿಂಗಳು ಬೆಂಕಿ ಕಾಣದ ಪೈಪಿನೊಳಗೆ ಅಷ್ಟರಲ್ಲಿ ಬೇಸಿಗೆಯ ಗೂಡುಗಳೆಲ್ಲ ಮುಗಿದಿರುತ್ತವೆ: ಅಳಿಲಿನ ನಾರು, ಗೊರವಂಕದ ಕಡ್ಡಿ, ಕಣಜದ ಮಣ್ಣು. ಮೇಲೆ ಮೊದಲ ಮಳೆಯ ನೀರು ಇಳಿದು ಹಳೇ ಮಸಿ ನೆನೆದು ಗಟ್ಟಿಯಾಗಿರುತ್ತದೆ. ವರ್ಷದಲ್ಲಿ ಪೈಪು ಅತ್ಯಂತ ಕೆಟ್ಟ ಸ್ಥಿತಿಯಲ್ಲಿರುವ ದಿನವೇ, ಚಳಿಗೆ ಬಾಗಿಲು ಕಿಟಕಿ ಎಲ್ಲ ಮುಚ್ಚಿಕೊಂಡಿರುವ ದಿನವೇ ನಾವು ಒಲೆ ಹಚ್ಚುತ್ತೇವೆ.

ಸಕಲೇಶಪುರ ತಾಲ್ಲೂಕಿನ ಹಾನುಬಾಳಿನ ಕಡೆಯ ಒಂದು ಮನೆ ಕಣ್ಣಿಗೆ ಕಟ್ಟಿದಂತಿದೆ. ಗಾರೆ ಗೋಡೆ, ಮಂಗಳೂರು ಹಂಚು, ಬಚ್ಚಲಲ್ಲಿ ಹುಗಿದ ತಾಮ್ರದ ಹಂಡೆ. ಒಲೆಯ ಹಿಂಬದಿಯಿಂದ 4 ಇಂಚಿನ ಬೂದು ಬಣ್ಣದ ಪೈಪು ಗೋಡೆ ಹತ್ತಿ, ಅಟ್ಟ ದಾಟಿ, ಹಂಚಿನ ಮೇಲೆ ಒಂದು ಮೊಳ ಎದ್ದು ನಿಂತಿತ್ತು. ಹೊಗೆ ಒಳಗೆ ಬರುತ್ತದೆಂದು ಮನೆಯವರು ಮೂರು ಮಳೆಗಾಲ ಸೌದೆಯನ್ನು ಬೈದಿದ್ದರು. ಅಟ್ಟಕ್ಕೆ ಹತ್ತಿ ಟಾರ್ಚು ಬಿಟ್ಟಾಗ ಪೈಪಿನ ಉದ್ದಕ್ಕೂ ಎರಡಡಿ ಸೀಳು, ಅದರ ಎದುರಿನ ಪಕಾಸಿಯ ಮೇಲೆ ಅಂಗೈ ಅಗಲ ಕಪ್ಪು. ಬೆರಳಲ್ಲಿ ಕೆರೆದರೆ ಮಸಿಯಲ್ಲ, ಮರವೇ ಇದ್ದಿಲಾಗಿತ್ತು. ಪಕ್ಕದಲ್ಲೇ ಕಾಫಿ ಚೀಲಗಳು. ಮರ ಬೆಂಕಿ ತಗುಲಿದ ದಿನವೇ ಉರಿಯಬೇಕೆಂದಿಲ್ಲ. ವರ್ಷಗಟ್ಟಲೆ ಬಿಸಿ ತಿಂದು ಒಳಗೊಳಗೇ ಇದ್ದಿಲಾಗುತ್ತಾ ಬಂದ ಮರ, ಹೊಸ ಮರ ತಡೆದುಕೊಳ್ಳುವುದಕ್ಕಿಂತ ಎಷ್ಟೋ ಕಡಿಮೆ ಬಿಸಿಗೆ ಹೊತ್ತಿಕೊಳ್ಳುತ್ತದೆ. ಆ ಮನೆಯ ಅಟ್ಟ ಉಳಿದದ್ದು ಹಂಚಿನ ಸಂದಿಯಿಂದ ಗಾಳಿ ಆಡುತ್ತಿದ್ದುದರಿಂದ. ಮುಂದಿನ ಬೇಸಿಗೆಗೆ ಹಂಚಿನ ಕೆಳಗೆ ಫಾಲ್ಸ್ ಸೀಲಿಂಗ್ ಹೊಡೆಸುವ ಆಲೋಚನೆ ಅವರಿಗಿತ್ತು.

ಇಷ್ಟು ದಿನದ ನೋಟದಲ್ಲಿ ಗಟ್ಟಿಯಾಗಿ ನಿಂತ ತಿಳಿವಳಿಕೆ ಇದು. ಹಳೇ ಮನೆ ಸಂದುಸಂದಿನಲ್ಲೂ ಗಾಳಿ ಬಿಡುತ್ತಿತ್ತು, ಆದ್ದರಿಂದ ಪೈಪಿನ ತಪ್ಪು ತಪ್ಪಾಗಿ ಕಾಣುತ್ತಿರಲಿಲ್ಲ. ನಾವು ಒಂದೊಂದೇ ಸಂದು ಮುಚ್ಚಿದ್ದೇವೆ. ಗವಾಕ್ಷಿಗೆ ಗಾಜು ಕೂರಿಸಿದ್ದೇವೆ, ಬಚ್ಚಲ ಜಾಲಂಧ್ರಕ್ಕೆ ಸೊಳ್ಳೆ ಬರುತ್ತದೆಂದು ಪ್ಲಾಸ್ಟಿಕ್ ಹೊಡೆದಿದ್ದೇವೆ, ಹಂಚಿನ ಕೆಳಗೆ ಪಿವಿಸಿ ಹಲಗೆ ಹಾಕಿದ್ದೇವೆ. ಪೈಪು ಮಾತ್ರ ಅಜ್ಜನ ಕಾಲದ್ದೇ.

ಕಲ್ನಾರಿನ ಪೈಪು

ಆ ಬೂದು ಪೈಪು ಏನೆಂದು ತಿಳಿದವರು ಕಡಿಮೆ. ನಮ್ಮಲ್ಲಿ ಅದಕ್ಕೆ ಸಿಮೆಂಟ್ ಪೈಪು ಎನ್ನುತ್ತಾರೆ. ಸಿಮೆಂಟಿಗೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಎಳೆ ಬೆರೆಸಿ ಮಾಡಿದ್ದು. ಸೌದೆಮನೆಯ ಶೀಟೂ ಅದೇ. ಕಡಿಮೆ ಬೆಲೆ, ತುಕ್ಕು ಹಿಡಿಯುವುದಿಲ್ಲ, ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತಿತ್ತು. 1980ರ ದಶಕದಲ್ಲಿ ಹೊಗೆರಹಿತ ಒಲೆಗಳು ಊರೂರಿಗೆ ಬಂದಾಗ ಹೊಗೆಗೆ ಈ ಪೈಪೇ ಬಂತು. ಹೆಂಗಸರ ಕಣ್ಣು, ಪುಪ್ಪುಸ ಉಳಿಸಿದ ಒಳ್ಳೆಯ ಕೆಲಸ ಅದು. ಪೈಪಿನ ಆಯ್ಕೆ ಮಾತ್ರ ಮುಂದೆ ತೊಂದರೆ ತಂದಿತು. ಹಾಸನ ಜಿಲ್ಲೆಗೆ ಕಲ್ನಾರು ಪರದೇಶದ ವಸ್ತುವೂ ಅಲ್ಲ, ಹೊಳೆನರಸೀಪುರದ ಶಿಲಾಪಟ್ಟಿಯಲ್ಲಿ ಅದು ನೆಲದಡಿಯೇ ಇದೆ.

ಪೈಪು ಗಟ್ಟಿಯಾಗಿ ಇರುವಷ್ಟು ದಿನ ಎಳೆಗಳು ಸಿಮೆಂಟಿನೊಳಗೆ ಸಿಕ್ಕಿಕೊಂಡಿರುತ್ತವೆ. ಒಡೆದಾಗ, ಕೊಯ್ದಾಗ, ಉಜ್ಜಿದಾಗ ಅವು ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳಾಗಿ ಗಾಳಿಗೆ ಬರುತ್ತವೆ. ಪುಪ್ಪುಸದ ಆಳಕ್ಕೆ ಹೋದ ಎಳೆಯನ್ನು ದೇಹ ಕರಗಿಸಲಾರದು. ಕಾಯಿಲೆ ಕಾಣಿಸುವುದು ಸಾಮಾನ್ಯವಾಗಿ 20ರಿಂದ 40 ವರ್ಷದ ಮೇಲೆ: ಪುಪ್ಪುಸ ಗಡುಸಾಗುವುದು, ಕ್ಯಾನ್ಸರ್, ಪುಪ್ಪುಸದ ಹೊದಿಕೆಗೆ ಬರುವ ಮೀಸೋಥೀಲಿಯೋಮ. ಬೀಡಿ ಸಿಗರೇಟು ಸೇದುವವರಿಗೆ ಪುಪ್ಪುಸದ ಕ್ಯಾನ್ಸರಿನ ಅಪಾಯ ಇನ್ನೂ ಎಷ್ಟೋ ಪಾಲು ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಎಲ್ಲ ಬಗೆಯ ಕಲ್ನಾರನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅನೇಕ ದೇಶಗಳಲ್ಲಿ ನಿಷೇಧ ಇದೆ, ನಮ್ಮಲ್ಲಿ ಕಲ್ನಾರು ಶೀಟು ಇವತ್ತಿಗೂ ಮಾರಾಟಕ್ಕಿದೆ.

ಒಲೆಗೆ ಈ ಪೈಪು ಹೊಂದದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಸಿಮೆಂಟು ನೀರು ಹೀರುತ್ತದೆ. ಮಳೆಯಲ್ಲಿ ನೆನೆದ ಪೈಪಿಗೆ ಒಮ್ಮೆಲೇ ಜೋರು ಬೆಂಕಿ ಕೊಟ್ಟರೆ ಒಳಗಿನ ನೀರು ಹಬೆಯಾಗಿ ಹೊರಬರಲು ಜಾಗ ಹುಡುಕುತ್ತದೆ. ಪಟ್ಟನೆ ಸದ್ದಾಗಿ ಚೂರು ಸಿಡಿಯುವುದೂ ಉಂಟು. ಒಲೆಗೆ ಹತ್ತಿರದ ಮೊದಲ ಮೂರಡಿಯಲ್ಲಿ, ತಿರುವಿನ ಹತ್ತಿರ, ಗೋಡೆಗೆ ಸಿಮೆಂಟು ಮೆತ್ತಿ ಬಿಗಿದ ಕಡೆ ಬಿರುಕು ಹೆಚ್ಚು. ಗೋಡೆ ಅಲ್ಲಾಡುವುದಿಲ್ಲ, ಪೈಪು ಬಿಸಿಗೆ ಉಬ್ಬುತ್ತದೆ, ಇಬ್ಬರ ನಡುವೆ ಸೀಳುವುದು ಪೈಪೇ.

ಹಾಗಾದರೆ ಏನು ಮಾಡಬೇಕು? ಪೈಪು ಪೂರ್ತಿ ಇದ್ದು, ಆ ಒಲೆಯನ್ನೇ ಹಚ್ಚದೆ ಬಿಟ್ಟಿದ್ದರೆ, ಅದನ್ನು ಮುಟ್ಟದಿರುವುದೇ ಲೇಸು. ಮೇಲಿನ ಬಾಯಿಗೆ ತಗಡಿನ ಮುಚ್ಚಳ, ಕೆಳಗಿನ ಬಾಯಿಗೆ ಇಟ್ಟಿಗೆ ಗಾರೆ, ಹೊರಮೈಗೆ ಎರಡು ಕೋಟ್ ದಪ್ಪ ಪೇಂಟು. ಪೇಂಟಿಗೆ ಮೊದಲು ಸ್ಯಾಂಡ್‌ಪೇಪರ್ ಉಜ್ಜಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಒಲೆ ಉರಿಸುತ್ತಿದ್ದೀರಿ ಅಥವಾ ಪೈಪು ಸೀಳಿದೆ ಎಂದಾದರೆ ತೆಗೆಯಲೇಬೇಕು. ಎಂ ಸೀಲ್ ಮೆತ್ತುವುದು, ಗೋಣಿ ಸುತ್ತಿ ಸಿಮೆಂಟು ಬಳಿಯುವುದು ಎರಡು ತಿಂಗಳು ಬಾಳದ ಕೆಲಸ.

ತೆಗೆಯುವ ದಿನ ಮನೆಯ ಮಕ್ಕಳನ್ನು ಬೇರೆ ಕಡೆ ಕಳಿಸಿ. ಅಟ್ಟದ ಸಾಮಾನು ಮೊದಲೇ ಇಳಿಸಿ, ಪೈಪಿನ ಬುಡದಲ್ಲಿ ಮತ್ತು ಅಟ್ಟದಲ್ಲಿ ದಪ್ಪ ಪ್ಲಾಸ್ಟಿಕ್ ಹಾಸಿ. 10 ಲೀಟರ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಮುಚ್ಚಳ ಹಾಕಿ ಕಲಸಿ. ಸೋಪು ಬೆರೆತ ನೀರು ಎಳೆಯೊಳಗೆ ಚೆನ್ನಾಗಿ ಇಳಿಯುತ್ತದೆ. ತೋಟಕ್ಕೆ ಔಷಧಿ ಹೊಡೆಯುವ ಕೈ ಪಂಪಿನ ಕ್ಯಾನನ್ನು ಚೆನ್ನಾಗಿ ತೊಳೆದು, ಸಣ್ಣ ನಾಜಲ್ ಹಾಕಿ, ಪೈಪಿನ ಹೊರಗೂ ಒಳಗೂ ನೆನೆಸಿ. ಜೋರು ಒತ್ತಡದ ಪಂಪು ಬೇಡ, ಅದು ಎಳೆಯನ್ನು ಕಿತ್ತು ಹಾರಿಸುತ್ತದೆ. ಆಮೇಲೆ ಪೈಪನ್ನು ಕೊಯ್ಯದೆ, ಒಡೆಯದೆ, ಸುತ್ತಲಿನ ಗಾರೆಯನ್ನು ಉಳಿಯಿಂದ ಮೆಲ್ಲಗೆ ಬಿಡಿಸಿ, ಜೋಡಣೆಯಲ್ಲಿ ಕಳಚಿ ಇಡಿಯಾಗಿ ಇಳಿಸಬೇಕು. ಮೇಲೊಬ್ಬರು, ಕೆಳಗೊಬ್ಬರು, ಹಗ್ಗ ಬೇಕೇ ಬೇಕು. ಮೇಲಿಂದ ಬಿಟ್ಟು ಒಡೆಯುವುದು ಸುಲಭ ಎಂದು ಗಾರೆಯವರು ಹೇಳುತ್ತಾರೆ, ಖಂಡಿತ ಒಪ್ಪಬೇಡಿ. ಗ್ರೈಂಡರ್ ಕಟರ್ ಅಂತೂ ಮನೆಯೊಳಗೇ ತರಬೇಡಿ. ಮೂಗಿಗೆ ಕಟ್ಟುವ ಟವೆಲು, ನೀಲಿ ಸರ್ಜಿಕಲ್ ಮಾಸ್ಕು ಈ ಎಳೆಯನ್ನು ತಡೆಯುವುದಿಲ್ಲ. ಅತಿ ಸಣ್ಣ ಧೂಳನ್ನೂ ತಡೆಯುವ ಪಿ 100 ಫಿಲ್ಟರ್ ಇರುವ ಅರ್ಧ ಮುಖದ ರಬ್ಬರ್ ಮಾಸ್ಕು ಬೇಕು, ಗಡ್ಡ ಇದ್ದರೆ ಅದೂ ಮುಖಕ್ಕೆ ಕೂರುವುದಿಲ್ಲ. ಕೆಲಸ ಮಾಡುವ ಇಬ್ಬರಿಗೂ ಮನೆಯವರೇ ತಂದುಕೊಡಬೇಕು. ದಿನಗೂಲಿಗೆ ಬಂದವರು ತಾವಾಗಿ ಕೇಳುವುದಿಲ್ಲ, ಅವರ ಪುಪ್ಪುಸ ನಮ್ಮದಕ್ಕಿಂತ ಅಗ್ಗವಲ್ಲ.

ಇಳಿಸಿದ ಪೈಪನ್ನು ಒದ್ದೆಯಿರುವಾಗಲೇ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ, ಟೇಪು ಹಾಕಿ, ಮೇಲೆ ಕಲ್ನಾರು ಎಂದು ದೊಡ್ಡದಾಗಿ ಬರೆಯಿರಿ. ಕೆಳಗೆ ಬಿದ್ದ ಪುಡಿಯನ್ನು ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನೂ ಅದೇ ಕಟ್ಟಿನೊಳಗೆ ಸೇರಿಸಿ. ತೊಟ್ಟ ಬಟ್ಟೆಯನ್ನು ಹೊರಗೇ ಬಿಚ್ಚಿ ಬೇರೆಯಾಗಿ ನೆನೆಹಾಕಿ. ಕಟ್ಟನ್ನು ಎಲ್ಲಿಗೆ ಕಳಿಸಬೇಕೆಂದು ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಯಲ್ಲಿ ಕೇಳಿ, ಉತ್ತರ ಸಿಗುವವರೆಗೆ ಯಾರೂ ತುಳಿಯದ ಮೂಲೆಯಲ್ಲಿ ಇಡಿ. ಇಷ್ಟು ಎಚ್ಚರದಿಂದ ಇಳಿಸಿದ ಪೈಪು ಆಮೇಲೆ ತೋಟದಲ್ಲಿ ಮೋರಿಯಾಗಿ, ಹೂವಿನ ಕುಂಡವಾಗಿ, ಗೇಟಿನ ಹತ್ತಿರ ಗುಂಡಿ ಮುಚ್ಚುವ ಚೂರಾಗಿ ಮತ್ತೆ ಕಾಣಿಸಿಕೊಳ್ಳುವುದು ತುಂಬ ಕಡೆ ಇದೆ. ಜೀಪಿನ ಚಕ್ರದಡಿ ದಿನಾ ಪುಡಿಯಾಗುವ ಕಲ್ನಾರು ಅಟ್ಟದಲ್ಲಿದ್ದ ಪೈಪಿಗಿಂತ ಕೆಟ್ಟದ್ದು.

ಹೊಸ ಪೈಪು ಹಾಕುವಾಗ

ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ತಗಡಿನ ಪೈಪು ಅಗ್ಗ. ಆದರೆ ಸೌದೆ ಹೊಗೆಯ ಹುಳಿನೀರು ಅದನ್ನು ಕೆಲವೇ ಮಳೆಗಾಲದಲ್ಲಿ ಜರಡಿ ಮಾಡುತ್ತದೆ. ಸತು ಸುಮಾರು 420 ಡಿಗ್ರಿಗೆ ಕರಗುವ ಲೋಹ, ಒಲೆಯ ಬಾಯಿಯ ಹತ್ತಿರ ಬಿಸಿ ಅಷ್ಟು ಏರುವುದುಂಟು. ಸ್ಟೀಲಿನಲ್ಲಿ 304 ದರ್ಜೆಯದು, ಒಂದು ಮಿಲಿಮೀಟರ್ ದಪ್ಪ, ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಫ್ಯಾಬ್ರಿಕೇಶನ್ ಮಾಡುವವರಲ್ಲಿ ಸುತ್ತಿಸಿ ವೆಲ್ಡ್ ಮಾಡಿಸಬಹುದು. ಅಳತೆ ನೀವೇ ಕೊಡಿ. ಹಳೆಯದು 4 ಇಂಚು ಇತ್ತೆಂದು ಹೊಸದಕ್ಕೂ 4 ಇಂಚು ಬೇಡ. 4 ಇಂಚಿನ ಪೈಪಿನ ಬಾಯಿ ಸುಮಾರು 12.5 ಚದರ ಇಂಚು, 6 ಇಂಚಿನದು 28. ಎರಡು ಪಟ್ಟಿಗೂ ಹೆಚ್ಚು. ಹಂಡೆ ಒಲೆಗೆ 6 ಇಂಚು ಹಾಕಿದರೆ ಅರ್ಧ ಇಂಚು ಮಸಿ ಕಟ್ಟಿದರೂ ಉಸಿರಾಡಲು ಜಾಗ ಇರುತ್ತದೆ.

ತುಂಡುಗಳನ್ನು ಜೋಡಿಸುವಾಗ ಬಹಳ ಕಡೆ ತಲೆಕೆಳಗು ಮಾಡುತ್ತಾರೆ. ಮೇಲಿನ ತುಂಡಿನ ತುದಿ ಕೆಳಗಿನ ತುಂಡಿನ ಒಳಗೆ ಕೂರಬೇಕು. ಆಗ ಹೊಗೆ ತಣಿದು ಪೈಪಿನೊಳಗೆ ಇಳಿಯುವ ಟಾರು ಒಳಗಿನಿಂದಲೇ ಒಲೆಗೆ ಬಂದು ಸುಡುತ್ತದೆ. ಉಲ್ಟಾ ಆದರೆ ಪ್ರತಿ ಜೋಡಣೆಯಲ್ಲೂ ಕಪ್ಪು ನೀರು ಹೊರಗೆ ಸೋರಿ ಗೋಡೆಯ ಮೇಲೆ ಪಟ್ಟೆ ಬೀಳುತ್ತದೆ. ಪ್ರತಿ ಜೋಡಣೆಗೆ ಮೂರು ಸ್ಕ್ರೂ. ಅಡ್ಡಕ್ಕೆ ಹೋಗುವ ಭಾಗ ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು, ಅದೂ ಅಡಿಗೆ ಕಾಲು ಇಂಚಿನಷ್ಟು ಮೇಲ್ಮುಖವಾಗಿ ಏರಬೇಕು. 90 ಡಿಗ್ರಿಯ ಒಂದು ತಿರುವಿನ ಬದಲು 45ರ ಎರಡು ಹಾಕಿಸಿ. ನೇರ ಏರುವ ಭಾಗದ ಬುಡದಲ್ಲಿ ಇಂಗ್ಲಿಷ್ T ಆಕಾರದ ಜೋಡಣೆ ಇಟ್ಟು ಕೆಳಬಾಯಿಗೆ ಮುಚ್ಚಳ ಕೊಟ್ಟರೆ ಮಸಿ ತೆಗೆಯಲು ಪೈಪು ಬಿಚ್ಚಬೇಕಿಲ್ಲ.

ಗೋಡೆ ಮತ್ತು ಅಟ್ಟ ದಾಟುವ ಜಾಗವೇ ಮುಖ್ಯ. 3 ಮೀಟರ್ ಸ್ಟೀಲ್ ಪೈಪು 150 ಡಿಗ್ರಿ ಬಿಸಿ ಏರಿದರೆ ಸುಮಾರು 8 ಮಿಲಿಮೀಟರ್ ಉದ್ದವಾಗುತ್ತದೆ. ಅದಕ್ಕೆ ಚಲಿಸಲು ಎಡೆ ಬೇಕು. ಗೋಡೆಯಲ್ಲಿ ಒಂದು ದೊಡ್ಡ ತೋಳು ಪೈಪು ಕೂರಿಸಿ, ಅದರೊಳಗೆ ಹೊಗೆ ಪೈಪನ್ನು ಸಡಿಲವಾಗಿ ಹಾಯಿಸಿ, ಸುತ್ತ ರಾಕ್‌ವೂಲ್ (ಬೆಂಕಿ ಹಿಡಿಯದ, ಬಿಸಿ ತಡೆಯುವ ಕಲ್ಲಿನ ಉಣ್ಣೆ) ತುಂಬಬೇಕು. ಸಿಮೆಂಟು ಬೇಡ. ಒಂದೇ ಪದರದ ಬರೀ ಪೈಪಿಗೂ ಮರಕ್ಕೂ ನಡುವೆ 18 ಇಂಚು ಅಂತರ ಇರಬೇಕು. ಹಂಚಿನ ಮಾಡಿನಲ್ಲಿ ಪಕಾಸಿಗಳ ನಡುವೆ ಅಷ್ಟು ಜಾಗ ಸಿಗುವುದಿಲ್ಲ. ಆದ್ದರಿಂದ ಅಟ್ಟದಿಂದ ಮೇಲಿನ ಭಾಗ ಪೂರ್ತಿ ಎರಡು ಪದರದ್ದಾಗಬೇಕು: ಒಳಗೆ 6 ಇಂಚು, ಹೊರಗೆ 10 ಇಂಚು, ನಡುವಿನ 2 ಇಂಚಿಗೆ ರಾಕ್‌ವೂಲ್. ಹೀಗೆ ಮಾಡಿದ ಮೇಲೂ ಹೊರಮೈಯಿಂದ ಮರಕ್ಕೆ ಕನಿಷ್ಠ 2 ಇಂಚು ಬಿಡಿ. ಅಡ್ಡ ಬರುವ ರೀಪನ್ನು ಕತ್ತರಿಸಿ, ಎರಡು ಬದಿಯ ಪಕಾಸಿಗೆ ಅಡ್ಡಪಟ್ಟಿ ಕೊಟ್ಟು ಚೌಕಟ್ಟು ಮಾಡಿಸುವುದು ಬಡಗಿಗೆ ಅರ್ಧ ದಿನದ ಕೆಲಸ. ರಾಕ್‌ವೂಲ್ ಹಾಕಿಸಿದರೆ ಇನ್ನೂ ಒಂದು ಲಾಭ ಇದೆ, ಹೊಗೆ ತಣ್ಣಗಾಗದೆ ಮೇಲೆ ಹೋಗುತ್ತದೆ.

ಆ ಬಿಸಿಯೇ ಹೊಗೆಯ ಕಾಲು. 4 ಮೀಟರ್ ಎತ್ತರದ ಪೈಪಿನಲ್ಲಿ ಹೊಗೆ 150 ಡಿಗ್ರಿ ಇದ್ದರೆ ಮೇಲೆಳೆಯುವ ಒತ್ತಡ ಸುಮಾರು 14 ಪಾಸ್ಕಲ್. ಅದೇ ಹೊಗೆ ಪೈಪಿನಲ್ಲೇ 60 ಡಿಗ್ರಿಗೆ ಇಳಿದರೆ 5 ಪಾಸ್ಕಲ್. 14 ಪಾಸ್ಕಲ್ ಎಂದರೂ ಒಂದೂವರೆ ಮಿಲಿಮೀಟರ್ ನೀರಿನ ಭಾರದಷ್ಟೇ. ಇಷ್ಟು ನವಿರಾದ ಎಳೆತವನ್ನು ಒಂದು ಗೂಡು, ಒಂದು ಸೀಳು, ಎದುರಿಗೆ ಬೀಸುವ ಒಂದು ಗಾಳಿ ಕೆಡಿಸುತ್ತದೆ. ತಣ್ಣಗಾದ ಹೊಗೆ ಪೈಪಿನ ಗೋಡೆಗೆ ಟಾರಾಗಿ ಅಂಟಿಕೊಳ್ಳುವುದೂ ಆಗಲೇ. ಹೊಸದಾಗಿ ಕಡಿದ ಸಿಲ್ವರ್ ಓಕಿನ ತೂಕದಲ್ಲಿ ಅರ್ಧದ ಹತ್ತಿರ ನೀರೇ ಇರುತ್ತದೆ. ಒಲೆಯ ಶಾಖದ ಒಂದು ಪಾಲು ಆ ನೀರನ್ನು ಆರಿಸಲು ಹೋಗುತ್ತದೆ. ಕಾಫಿ ಕಸಿಯಲ್ಲಿ, ಅಂದರೆ ಗಿಡ ಸವರುವಾಗ, ಬಂದ ರೆಂಬೆಯಾಗಲಿ, ನೆರಳು ಮರದ ಕೊಂಬೆಯಾಗಲಿ, ಸೀಳಿ ಸೂರಿನಡಿ ಒಂದು ಬೇಸಿಗೆ ಪೂರ್ತಿ ಒಣಗಲಿ. ವೈರು, ಪಿವಿಸಿ ಪೈಪಿನ ತುಂಡು ಒಲೆಗೆ ಹಾಕುವ ಅಭ್ಯಾಸ ಇದ್ದರೆ ಬಿಡಿಸಿ. ಪಿವಿಸಿ ಉರಿದು ಬರುವ ಆಮ್ಲ ಸ್ಟೀಲನ್ನೂ ತಿನ್ನುತ್ತದೆ, ಮನುಷ್ಯರನ್ನೂ.

ಎತ್ತರದ ಲೆಕ್ಕ ನೆನಪಿಡಲು ಸುಲಭ: ಹಂಚಿನಿಂದ ಹೊರಬಂದ ಜಾಗದಿಂದ 3 ಅಡಿ, ಹಾಗೆಯೇ ಸುತ್ತ 10 ಅಡಿಯೊಳಗೆ ಏನೇ ಇದ್ದರೂ ಅದಕ್ಕಿಂತ 2 ಅಡಿ ಮೇಲೆ. ಹಾನುಬಾಳಿನ ಮನೆಯ ಪೈಪು ಮಾಡಿನ ನೆತ್ತಿಗಿಂತ ಕೆಳಗೇ ನಿಂತಿತ್ತು. ಪಡುಗಾಳಿ ನೆತ್ತಿ ದಾಟಿ ಸುಳಿಯಾಗಿ ಇಳಿಯುವಾಗ ಹೊಗೆಯನ್ನು ನೇರ ಒಲೆಗೆ ವಾಪಸು ತಳ್ಳುತ್ತಿತ್ತು. ತುದಿಗೆ ಮಳೆಟೋಪಿ ಹಾಕಿ, ಪೈಪಿನ ಬಾಯಿಗೂ ಟೋಪಿಗೂ ನಡುವೆ 6 ಇಂಚು ಬಿಟ್ಟು, ಸುತ್ತ ಅರ್ಧ ಇಂಚು ಕಣ್ಣಿನ ಸ್ಟೀಲ್ ಜಾಲರಿ. ಅದಕ್ಕಿಂತ ಸಣ್ಣ ಕಣ್ಣಾದರೆ ಮಸಿ ಕಟ್ಟಿ ಒಂದೇ ಮಳೆಗಾಲದಲ್ಲಿ ಮುಚ್ಚಿಹೋಗುತ್ತದೆ.

ಗಾಳಿ ಒಳಗೆ ಬರುವುದು ಎಲ್ಲಿಂದ?

ಹೊಗೆ ಹೊರಗೆ ಹೋಗಬೇಕಾದರೆ ಅಷ್ಟೇ ಗಾಳಿ ಒಳಗೆ ಬರಬೇಕು. 6 ಇಂಚಿನ ಪೈಪಿಗೆ ಬಚ್ಚಲ ಗೋಡೆಯಲ್ಲಿ, ಒಲೆಯ ಬಾಯಿಗೆ ಹತ್ತಿರ, ನೆಲಕ್ಕಿಂತ ಸ್ವಲ್ಪ ಮೇಲೆ, 6 ಇಂಚು ಉದ್ದಗಲದ ಒಂದು ಕಿಂಡಿ ಬೇಕು. ಮುಚ್ಚಲು ಬಾಗಿಲಿಲ್ಲದ ಕಿಂಡಿ, ಜಾಲರಿ ಮಾತ್ರ. ಚಳಿ ಬರುತ್ತದೆಂದು ಮನೆಯವರು ಗೊಣಗಬಹುದು, ಆ ಗಾಳಿಯನ್ನು ಒಲೆಯೇ ಎಳೆದುಕೊಳ್ಳುತ್ತದೆ.

ಇಲ್ಲಿ ಹೊಸ ಕಾಲದ ಒಂದು ತೊಡಕಿದೆ. ಅಡುಗೆಮನೆಗೆ ಎಲೆಕ್ಟ್ರಿಕ್ ಚಿಮಣಿ ಹಾಕಿಸುತ್ತಾರೆ. ಅದು ಗಂಟೆಗೆ ಸಾವಿರ ಘನ ಮೀಟರ್ ಗಾಳಿ ಎಳೆಯುತ್ತದೆಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಕಿಟಕಿ ಮುಚ್ಚಿದ ಮನೆಯಲ್ಲಿ ಆ ಗಾಳಿ ಬರಬೇಕಾದದ್ದು ಇನ್ನೊಂದು ತೂತಿನಿಂದ, ಮನೆಯಲ್ಲಿ ಉಳಿದಿರುವ ದೊಡ್ಡ ತೂತು ಬಚ್ಚಲೊಲೆಯ ಪೈಪು. ಐದಾರು ಪಾಸ್ಕಲ್ ಕೊರತೆ ಸಾಕು, ಕೆಂಡವಾಗುತ್ತಿರುವ ಒಲೆಯ ಅನಿಲ ಪೈಪಿನಲ್ಲಿ ಕೆಳಗಿಳಿದು ಮನೆಯೊಳಗೆ ಬರುತ್ತದೆ. ಪರೀಕ್ಷೆ ಹೀಗೆ ಮಾಡಿ: ಬಾಗಿಲು ಕಿಟಕಿ ಎಲ್ಲ ಮುಚ್ಚಿ, ಅಡುಗೆಮನೆಯ ಚಿಮಣಿ ಮತ್ತು ಎಕ್ಸಾಸ್ಟ್ ಫ್ಯಾನು ಪೂರ್ತಿ ವೇಗಕ್ಕೆ ಹಾಕಿ, ಬೆಂಕಿಯಿಲ್ಲದ ಒಲೆಯ ಬಾಯಿಗೆ ಊದುಬತ್ತಿ ಹಿಡಿಯಿರಿ. ಹೊಗೆ ನಿಮ್ಮ ಮುಖದ ಕಡೆ ಬಂದರೆ ಬಚ್ಚಲೊಲೆಯನ್ನೂ ಆ ಫ್ಯಾನುಗಳನ್ನೂ ಒಟ್ಟಿಗೆ ನಡೆಸುವ ಹಾಗಿಲ್ಲ, ಅಡುಗೆಮನೆಗೆ ಬೇರೆ ಗಾಳಿಕಿಂಡಿ ಬೇಕು.

ಇನ್ನೊಂದು ತಪ್ಪು, ಎಲೆಕ್ಟ್ರಿಕ್ ಚಿಮಣಿಯ ಸುಕ್ಕು ಪೈಪನ್ನು ಹಳೇ ಹೊಗೆಗೂಡಿನ ತೂತಿಗೆ ತುರುಕಿಬಿಡುವುದು. ಗೋಡೆ ಕೊರೆಯುವ ಕೆಲಸ ಉಳಿಯಿತೆಂದು ಖುಷಿ. ಎಣ್ಣೆಹಬೆ ತಣ್ಣಗಿನ ಇಟ್ಟಿಗೆ ಗೂಡಿಗೆ ಹೋದ ಕೂಡಲೇ ಜಿಡ್ಡಾಗಿ ಹಳೇ ಇಲ್ಲಣದ (ಹೊಗೆಮಸಿಯ) ಮೇಲೆ ಕೂರುತ್ತದೆ. ಎಣ್ಣೆ ಕುಡಿದ ಇಲ್ಲಣ ಉರಿಯಲು ಕಾದು ಕೂತ ವಸ್ತು. 6 ಇಂಚಿನ ಗಟ್ಟಿ ಪೈಪಿನಲ್ಲಿ, ಆದಷ್ಟು ಕಡಿಮೆ ತಿರುವಿನಲ್ಲಿ, ನೇರ ಹೊರಗೋಡೆಗೆ ಬಿಡುವುದೇ ಸರಿ.

ಒಲೆ ತೆಗೆಸಿ ಗ್ಯಾಸ್ ಗೀಸರ್ ಹಾಕಿಸಿದವರು ತೊಂದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಹೊಗೆ ಪೈಪಿಲ್ಲದ ಗೀಸರನ್ನು ಬಚ್ಚಲೊಳಗೆ ಕೂರಿಸುವುದು ಸೀಳಿದ ಪೈಪಿಗಿಂತ ಅಪಾಯ. 6 ಲೀಟರಿನ ಗೀಸರ್ ಹತ್ತು ನಿಮಿಷ ಉರಿದರೆ ಸುಮಾರು 2 ಘನ ಮೀಟರ್ ಗಾಳಿಯ ಆಮ್ಲಜನಕ ಬೇಕು. 5 ಅಡಿ ಉದ್ದಗಲ, 8 ಅಡಿ ಎತ್ತರದ ಬಚ್ಚಲಲ್ಲಿ ಇರುವುದೇ ಐದೂವರೆ ಘನ ಮೀಟರ್ ಚಿಲ್ಲರೆ. ಆಮ್ಲಜನಕ ಕಡಿಮೆಯಾದಂತೆ ಗ್ಯಾಸು ಅರ್ಧಂಬರ್ಧ ಉರಿದು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹೆಚ್ಚುತ್ತದೆ. ಗೀಸರನ್ನು ಬಚ್ಚಲ ಹೊರಗೋಡೆಗೆ, ಗಾಳಿ ಆಡುವ ಜಗಲಿಯಲ್ಲಿ ಕೂರಿಸಿ, ನೀರಿನ ಪೈಪು ಮಾತ್ರ ಒಳಗೆ ತನ್ನಿ.

ಬಂಗಲೆಯ ಅಗ್ಗಿಷ್ಟಿಕೆ

ತೋಟದ ಬಂಗಲೆಗಳಲ್ಲಿ ಹಳೇ ಅಗ್ಗಿಷ್ಟಿಕೆ ಈಗ ಹೋಂಸ್ಟೇ ನೆಪದಲ್ಲಿ ಮತ್ತೆ ಉರಿಯುತ್ತಿದೆ. ಚಿಕ್ಕಮಗಳೂರಿನ ಮೇಲಿನ ಗಿರಿಯ ಕಡೆ ಡಿಸೆಂಬರಿನ ಒಂದು ರಾತ್ರಿ, ಅಂಥ ಒಂದು ಕೋಣೆ. ಇಟ್ಟಿಗೆಯ ಗೂಡು ಹೊಗೆ ಕಕ್ಕುತ್ತಿದ್ದುದರಿಂದ ಬೆಂಕಿ ಬೇಡವೆಂದು ಆಳು ಕಬ್ಬಿಣದ ಬಾಣಲೆಯಲ್ಲಿ ಕೆಂಡ ತುಂಬಿ ತಂದಿಟ್ಟ. ಹೊಗೆಯಿಲ್ಲ, ಬೆಚ್ಚಗಿದೆ ಎಂದು ಎಲ್ಲರಿಗೂ ಸಮಾಧಾನ. ಊಟದ ಹೊತ್ತಿಗೆ ಒಬ್ಬರಿಗೆ ತಲೆನೋವು, ಇನ್ನೊಬ್ಬರಿಗೆ ವಾಕರಿಕೆ, ಹತ್ತಿ ಬಂದ ಘಾಟಿ ರಸ್ತೆಯ ತಿರುವುಗಳ ಮೇಲೆ ತಪ್ಪು ಹೊರಿಸಿದರು. ಗೂಡು ಹೊಗೆ ಕಕ್ಕುತ್ತದೆಂದು ದೂರು ಹೇಳಲು ಯಾರೋ ಬಾಗಿಲು ತೆರೆದು ಹೊರಗೆ ಹೋದದ್ದರಿಂದ ಕೋಣೆಗೆ ಗಾಳಿ ಬಂತು, ಎಲ್ಲರೂ ಬೆಳಗ್ಗೆ ಎದ್ದರು. ಹೊಗೆಯಿಲ್ಲದ ಕೆಂಡವೇ ಕಾರ್ಬನ್ ಮೊನಾಕ್ಸೈಡನ್ನು ಹೆಚ್ಚು ಬಿಡುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗುವ ಕೋಣೆಗೆ ಕೆಂಡ ತರಲೇಬಾರದು, ಬಾಗಿಲ ಸಂದು ಬಿಟ್ಟಿದ್ದೇವೆ ಎಂಬ ಸಮಜಾಯಿಷಿಯೂ ಬೇಡ.

ಅಗ್ಗಿಷ್ಟಿಕೆ ಉರಿಸುವುದಾದರೆ ಗೂಡಿನ ಅಳತೆ ನೋಡಿ. ಅಗ್ಗಿಷ್ಟಿಕೆಯ ಮುಂದಿನ ಬಾಯಿಯ ವಿಸ್ತೀರ್ಣದ ಹತ್ತನೇ ಒಂದು ಭಾಗವಾದರೂ ಗೂಡಿನ ಕೊಳವೆ ಇರಬೇಕು. ಬಾಯಿ 30 ಇಂಚಿಗೆ 24 ಇಂಚು ಎಂದರೆ 720 ಚದರ ಇಂಚು, ಕೊಳವೆಗೆ 72 ಬೇಕು, ಸುಮಾರು ಹತ್ತು ಇಂಚಿನ ದುಂಡು ಪೈಪು. ಮೇಲೆ ಗಿಡ ಬೆಳೆದಿದೆಯೇ, ಒಳಗಿನ ಗಾರೆ ಉದುರಿದೆಯೇ ನೋಡಲು ಕನ್ನಡಿ ಓರೆ ಹಿಡಿದು ಹಗಲು ಹೊತ್ತಿನಲ್ಲಿ ಕೆಳಗಿನಿಂದ ಇಣುಕಿ. ಆಕಾಶ ದುಂಡಗೆ ಕಾಣಬೇಕು. ಗಾರೆ ಉದುರಿ ಇಟ್ಟಿಗೆಯ ಸಂದು ತೆರೆದ ಗೂಡಿಗೆ ಮತ್ತೆ ಮಣ್ಣು ಮೆತ್ತುವ ಬದಲು ಒಳಗೆ ಸ್ಟೀಲ್ ಪೈಪು ಇಳಿಸುವುದು ಬಾಳಿಕೆಯ ದಾರಿ.

ಮಸಿ, ಬೆಂಕಿ, ತಲೆನೋವು

ಪೈಪಿನೊಳಗೆ ಮಸಿ 3 ಮಿಲಿಮೀಟರ್, ಅಂದರೆ ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು ಆದರೆ ತೆಗೆಯಬೇಕು. ಮೇ ಕೊನೆಯ ವಾರ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ. ಪೈಪಿನಷ್ಟೇ ಅಗಲದ ನೈಲಾನ್ ಬ್ರಷ್ಷು, ಮೇಲಿನಿಂದ ಹಗ್ಗ ಕಟ್ಟಿ ಎಳೆಯುವುದು. ಗೋಣಿಯಲ್ಲಿ ಇಟ್ಟಿಗೆ ಸುತ್ತಿ ಇಳಿಬಿಡುವ ಹಳೇ ಪದ್ಧತಿ ಇಟ್ಟಿಗೆ ಗೂಡಿಗೆ ನಡೆದೀತು, ತಗಡಿಗೆ ಬೇಡ. ಕಲ್ನಾರಿನ ಪೈಪನ್ನು ಮಾತ್ರ ಯಾವ ಬ್ರಷ್ಷಿನಿಂದಲೂ ಉಜ್ಜಬಾರದು. ಕೈಯಲ್ಲಿ ಉದುರುವ ಪುಡಿ ಮಸಿ ಅಷ್ಟು ಹೆದರಬೇಕಾದ್ದಲ್ಲ, ಗಾಜಿನಂತೆ ಹೊಳೆಯುವ ಗಟ್ಟಿ ಟಾರು ಹೊತ್ತಿಕೊಂಡರೆ ಪೈಪಿನೊಳಗೆ ಸಾವಿರ ಡಿಗ್ರಿ ಮುಟ್ಟುತ್ತದೆ. ರೈಲು ಬಂದಂತೆ ಗುಡುಗುವ ಸದ್ದು ಅದರ ಗುರುತು. ಆಗ ಪೈಪಿಗೆ ನೀರು ಹೊಯ್ಯಬೇಡಿ, ಬಿಸಿ ಪೈಪು ಸಿಡಿಯುತ್ತದೆ, ಹಬೆ ಮುಖಕ್ಕೆ ಬರುತ್ತದೆ. ಒಲೆಯ ಬಾಯಿಗೆ ತಗಡು ಮುಚ್ಚಿ ಗಾಳಿ ತಡೆಯಿರಿ, ಎಲ್ಲರನ್ನೂ ಹೊರಗೆ ಕಳಿಸಿ, 112ಕ್ಕೆ ಕರೆ ಮಾಡಿ. ಬೆಂಕಿ ಆರಿದ ಮೇಲೂ ಅಟ್ಟವನ್ನು ಕೆಲವು ಗಂಟೆ ಕಾಯಬೇಕು, ಪಕಾಸಿಯೊಳಗಿನ ಕಿಡಿ ತಡವಾಗಿ ಮೇಲೇಳುತ್ತದೆ.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಆನ್‌ಲೈನಿನಲ್ಲಿ ಸಿಗುತ್ತದೆ. ಹೊಗೆಯ ಅಲಾರಂ ಬೇರೆ, ಗ್ಯಾಸ್ ಸೋರಿಕೆಯ ಅಲಾರಂ ಬೇರೆ, ಕೊಳ್ಳುವಾಗ ಹೆಸರು ಓದಿ. ಬಚ್ಚಲ ಹಬೆಯಲ್ಲಿ ಇಡಬೇಡಿ, ಮಲಗುವ ಕೋಣೆಯ ಬಾಗಿಲ ಹತ್ತಿರ ಇಡಿ. ಒಳಗಿನ ಸೆನ್ಸಾರ್ ಐದರಿಂದ ಹತ್ತು ವರ್ಷ ಬಾಳುತ್ತದೆ, ಮುಗಿಯುವ ವರ್ಷ ಹಿಂಭಾಗದಲ್ಲಿ ಬರೆದಿರುತ್ತದೆ.

ಒಲೆ ಉರಿಯುತ್ತಿರುವ ಮನೆಯಲ್ಲಿ ಇಬ್ಬರಿಗೆ ಒಟ್ಟಿಗೆ ತಲೆನೋವು ಬಂದರೆ, ಹೊರಗೆ ಜಗಲಿಗೆ ಬಂದಾಗ ಕಡಿಮೆಯಾದರೆ, ಅದನ್ನು ಶೀತ ಎಂದು ಬಿಡಬೇಡಿ. ಮೊದಲು ಜನರನ್ನು ಹೊರಗೆ ತನ್ನಿ, ಆಮೇಲೆ ಒಲೆ. ಕೊರೊನಾ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಮನೆಮನೆಯಲ್ಲಿದೆ, ಈ ವಿಷಯದಲ್ಲಿ ಅದನ್ನು ನಂಬಬಾರದು. ಕಾರ್ಬನ್ ಮೊನಾಕ್ಸೈಡ್ ಹಿಡಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ಓದಿ 98 ತೋರಿಸುತ್ತದೆ. ಈ ಅನಿಲ ರಕ್ತಕ್ಕೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಬರೀ ಗಾಳಿಯಲ್ಲಿ ಅದರ ಅರ್ಧ ಬಿಡಲು ನಾಲ್ಕೈದು ಗಂಟೆ ಬೇಕು, ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯ ಆಸುಪಾಸು. ಆದ್ದರಿಂದ 108ಕ್ಕೆ ಕರೆ ಮಾಡಿದಾಗ, ಮತ್ತೆ ಆಸ್ಪತ್ರೆಯಲ್ಲಿ, "ತಲೆಸುತ್ತು ಬಂದು ಬಿದ್ದರು" ಎಂದಷ್ಟೇ ಹೇಳಬೇಡಿ. "ಬಚ್ಚಲೊಲೆ ಉರೀತಿತ್ತು, ಬಾಗಿಲು ಮುಚ್ಚಿತ್ತು" ಎಂಬುದನ್ನು ಮೊದಲು ಹೇಳಿ.